ಆಮೇಲೆ ಹಾಕಿಸಲಾಗದ್ದನ್ನು ಮೊದಲು ಆರಿಸಿ

ಹೊಸ ಲ್ಯಾಪ್‌ಟಾಪನ್ನು ನಮಗೆ ಬೇಕಾದಂತೆ ಜೋಡಿಸಿ ಕೊಡುವ ಸೌಲಭ್ಯ ಲೆನೊವೊದ ಥಿಂಕ್‌ಪ್ಯಾಡ್‌ನಂಥ ಸರಣಿಗಳಲ್ಲಿದೆ. ಜಾಲತಾಣದಲ್ಲಿ ಮಾಡೆಲ್ ಆರಿಸಿದ ಕೂಡಲೇ ರ‍್ಯಾಮ್, ಪರದೆ, ಕ್ಯಾಮೆರಾ, ಬ್ಯಾಟರಿ ಎಂದು ಉದ್ದದ ಪಟ್ಟಿ ತೆರೆದುಕೊಳ್ಳುತ್ತದೆ. ಎಲ್ಲದಕ್ಕೂ ಟಿಕ್ ಹಾಕುತ್ತ ಹೋದರೆ ಬೆಲೆ ಕೈಮೀರುತ್ತದೆ. ಆದ್ದರಿಂದ ಪ್ರತಿ ಸಾಲಿನಲ್ಲೂ ನಿಂತು ಕೇಳಿಕೊಳ್ಳಿ: ಇದನ್ನು ಆಮೇಲೆ ಹಾಕಿಸಬಹುದೇ? ಆಗದು ಎಂದಾದರೆ ಹಣ ಅಲ್ಲಿಗೆ ಹೋಗಲಿ.

ಹೆಜ್ಜೆ 1: ರ‍್ಯಾಮ್

ವಿವರದಲ್ಲಿ ‘ಎಲ್‌ಪಿಡಿಡಿಆರ್‌5’ ಅಥವಾ ‘ಸೋಲ್ಡರ್ಡ್’ ಎಂದಿದೆಯೇ ನೋಡಿ. ಹಾಗಿದ್ದರೆ ರ‍್ಯಾಮ್ ಸಾಮಾನ್ಯವಾಗಿ ಮದರ್‌ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ಮುಂದೆ ಹೆಚ್ಚಿಸಲು ದಾರಿಯಿಲ್ಲ. ಅಂಥ ಯಂತ್ರದಲ್ಲಿ 8 ಜಿಬಿಗೆ ಒಪ್ಪಬೇಡಿ, 16 ಜಿಬಿ ತೆಗೆದುಕೊಳ್ಳಿ. ವಿಂಡೋಸ್ 11ಕ್ಕೆ 4 ಜಿಬಿ ಸಾಕೆಂದು ಮೈಕ್ರೊಸಾಫ್ಟ್ ಹೇಳಿದರೂ ಅದು ಯಂತ್ರ ಚಾಲೂ ಆಗಲು ಬೇಕಾದ ಕನಿಷ್ಠ ಅಳತೆಯಷ್ಟೇ. ಬ್ರೌಸರ್‌ನಲ್ಲಿ ಹತ್ತು ಪುಟ ತೆರೆದು ಜೊತೆಗೊಂದು ಆನ್‌ಲೈನ್ ತರಗತಿ ನಡೆಸುವ ವಿದ್ಯಾರ್ಥಿಗೆ ಸಾಲದು.

‘ಸೋಡಿಮ್’, ಅಂದರೆ ಸ್ಲಾಟ್‌ಗೆ ಸಿಕ್ಕಿಸುವ ಬಿಡಿ ರ‍್ಯಾಮ್, ಎಂದಿದ್ದರೆ ನಿರಾಳ. ಸ್ಲಾಟ್ ಎಷ್ಟಿವೆ, ಎಷ್ಟು ಖಾಲಿ ಎಂಬುದನ್ನಷ್ಟೇ ಖಚಿತಪಡಿಸಿಕೊಳ್ಳಿ. ಕಂಪನಿ ಹೆಚ್ಚುವರಿ ರ‍್ಯಾಮ್‌ಗೆ ಕೇಳುವ ಹಣವನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯ ಬೆಲೆಯೊಂದಿಗೆ ಹೋಲಿಸಿ ನೋಡಿ, ಆಮೇಲೆ ತೀರ್ಮಾನಿಸಿ. ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಗೂ ಇದೇ ಮಾತು. ‘ಎಂ.2’ ಮಾದರಿಯದಾದರೆ ಮುಂದೆ ಬದಲಿಸಬಹುದು. ಆಪಲ್‌ನ ಮ್ಯಾಕ್‌ಬುಕ್‌ನಲ್ಲಿ ಮಾತ್ರ ರ‍್ಯಾಮ್, ಸ್ಟೋರೇಜ್ ಎರಡನ್ನೂ ಕೊಳ್ಳುವಾಗಲೇ ನಿರ್ಧರಿಸಿಬಿಡಬೇಕು.

ಹೆಜ್ಜೆ 2: ಪರದೆ

ಜನ ಪ್ರೊಸೆಸರ್‌ಗೆ ಹಣ ಸುರಿದು ಪರದೆಯಲ್ಲಿ ಉಳಿಸುತ್ತಾರೆ. ದಿನವಿಡೀ ಕಣ್ಣು ನೆಡುವುದು ಅಲ್ಲಿಯೇ ಆದ್ದರಿಂದ ನನಗಿದು ಸರಿ ಕಾಣುವುದಿಲ್ಲ. ಎರಡು ಅಂಕಿ ನೋಡಿ. ಬೆಳಕಿನ ಅಳತೆ ‘ನಿಟ್ಸ್’: 250 ಇದ್ದರೆ ಕಿಟಕಿಯ ಪಕ್ಕ ಕೂತಾಗ ಅಕ್ಷರ ಮಂಕು, 400 ಇದ್ದರೆ ಹಾಯಾಗಿ ಓದಬಹುದು. ಇನ್ನೊಂದು, ಪರದೆ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ: ‘45% ಎನ್‌ಟಿಎಸ್‌ಸಿ’ ಪರದೆಯಲ್ಲಿ ಕೆಂಪು, ಹಸಿರು ಸಪ್ಪೆಯಾಗಿ ಕಾಣುತ್ತವೆ. ಫೋಟೊ, ವಿನ್ಯಾಸದ ಕೆಲಸವಿದ್ದವರು ‘100% ಎಸ್‌ಆರ್‌ಜಿಬಿ’ಯನ್ನೇ ಆರಿಸಿ.

ಹೆಜ್ಜೆ 3: ಚಿಕ್ಕಪುಟ್ಟ ಸಾಲುಗಳು

ಬ್ಯಾಕ್‌ಲಿಟ್ ಕೀಲಿಮಣೆ, ಬೆರಳಚ್ಚು ಓದುವ ಸೆನ್ಸರ್, ಕತ್ತಲಲ್ಲೂ ಮುಖ ಗುರುತಿಸುವ ಇನ್‌ಫ್ರಾರೆಡ್ ಕ್ಯಾಮೆರಾ, ಇವುಗಳನ್ನು ಆಮೇಲೆ ಹಾಕಿಸುವುದು ಕಷ್ಟ, ದುಬಾರಿ ಕೂಡ. ರಾತ್ರಿ ಕೆಲಸ ಮಾಡುವವರಿಗೆ ಮೊದಲನೆಯದು ಬೇಕೇಬೇಕು. ಉಳಿದೆರಡರಲ್ಲಿ ಒಂದಿದ್ದರೆ ಸಾಕು.

ಸಿಮ್ ಹಾಕುವ 4ಜಿ, 5ಜಿ ಸೌಲಭ್ಯಕ್ಕೆ ‘ವೈರ್‌ಲೆಸ್ ವ್ಯಾನ್’ (WWAN) ಎನ್ನುತ್ತಾರೆ. ಇದರ ಆಂಟೆನಾ ತಂತಿಗಳು ಸಾಮಾನ್ಯವಾಗಿ ಪರದೆಯ ಸುತ್ತಲಿನ ಚೌಕಟ್ಟಿನಲ್ಲಿ ಹಾದುಹೋಗುವುದರಿಂದ ಕಾರ್ಖಾನೆಯಲ್ಲೇ ಕೂಡಿಸಿರಬೇಕು. ಈಗ ಬೇಡ, ಮುಂದೆ ಬೇಕಾದೀತು ಎನ್ನುವವರು ಆಂಟೆನಾ ಮಾತ್ರ ಇರುವ ಆಯ್ಕೆ ಇದೆಯೇ ನೋಡಿ. ಮೊಬೈಲ್ ಹಾಟ್‌ಸ್ಪಾಟ್ ಸಾಕೆನ್ನುವವರು ಈ ಸಾಲನ್ನು ದಾಟಬಹುದು.

ಸ್ಮಾರ್ಟ್ ಕಾರ್ಡ್ ರೀಡರ್ ನಮ್ಮಲ್ಲಿ ಬಹುತೇಕರಿಗೆ ಬೇಡ. ಲೆಕ್ಕಪರಿಶೋಧಕರು, ಗುತ್ತಿಗೆದಾರರು ಬಳಸುವ ಡಿಜಿಟಲ್ ಸಹಿ ಇಲ್ಲಿ ಯುಎಸ್‌ಬಿ ಟೋಕನ್‌ನಲ್ಲೇ ಬರುತ್ತದೆ. ಇಂಟೆಲ್‌ನ ‘ವಿ-ಪ್ರೊ’ (vPro) ಸೌಲಭ್ಯ ಇರುವುದು ಕಚೇರಿಯ ನೂರಾರು ಯಂತ್ರಗಳನ್ನು ದೂರದಿಂದ ನಿಭಾಯಿಸಲು, ಮನೆಗಲ್ಲ.

ಹೆಜ್ಜೆ 4: ಬ್ಯಾಟರಿ

‘12 ಗಂಟೆ’ ಎಂಬ ಜಾಹೀರಾತು ಬಿಟ್ಟು ಬ್ಯಾಟರಿಯ ಸಾಮರ್ಥ್ಯ ಹೇಳುವ ವ್ಯಾಟ್ ಅವರ್ ಅಂಕಿ ಹುಡುಕಿ. ಸರಾಸರಿ 10 ವ್ಯಾಟ್ ಬಳಸುವ ಯಂತ್ರ 57 ವ್ಯಾಟ್ ಅವರ್ ಬ್ಯಾಟರಿಯಲ್ಲಿ ಐದೂವರೆ ಗಂಟೆಗಿಂತ ತುಸು ಹೆಚ್ಚು ನಡೆಯುತ್ತದೆ. ಕರೆಂಟು ಪದೇಪದೇ ಹೋಗುವ ಊರಿನವರು ದೊಡ್ಡದನ್ನೇ ಆರಿಸಿ.

ಹೆಜ್ಜೆ 5: ವಾರಂಟಿ, ಆರ್ಡರ್

ತಾಲ್ಲೂಕು ಕೇಂದ್ರಗಳಲ್ಲಿ ಇರುವವರು, ತಂತ್ರಜ್ಞರೇ ಮನೆಗೆ ಬಂದು ರಿಪೇರಿ ಮಾಡುವ ‘ಆನ್‌ಸೈಟ್’ ವಾರಂಟಿಗೆ ಹಣ ಕೊಡುವುದು ಲೇಸು; ಇಲ್ಲದಿದ್ದರೆ ಕೆಟ್ಟ ಯಂತ್ರ ಹೊತ್ತು ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಬೇಕಾದೀತು. ನಿಮ್ಮ ಪಿನ್‌ಕೋಡ್‌ಗೆ ಆ ಸೇವೆ ಉಂಟೇ ಎಂದು ಮೊದಲೇ ಕೇಳಿಕೊಳ್ಳಿ.

ಆರ್ಡರ್ ಒತ್ತುವ ಮುನ್ನ ಅಂತಿಮ ಪಟ್ಟಿಯ ಚಿತ್ರ ಉಳಿಸಿಕೊಳ್ಳಿ. ಯಂತ್ರ ಬಂದ ದಿನವೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಪರ್ಫಾರ್ಮೆನ್ಸ್’ ವಿಭಾಗ ತೆರೆದು ರ‍್ಯಾಮ್, ಡಿಸ್ಕ್, ಪ್ರೊಸೆಸರ್ ಅದಕ್ಕೆ ಹೊಂದುತ್ತವೆಯೇ ಪರಿಶೀಲಿಸಿ. ವ್ಯತ್ಯಾಸ ಕಂಡರೆ ಪೆಟ್ಟಿಗೆ ಎಸೆಯಬೇಡಿ, ಬಿಲ್ಲಿನೊಂದಿಗೆ ಅಂದೇ ದೂರು ದಾಖಲಿಸಿ.