ಮೈಸೂರಿನ ಬಾಗಿಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಹೊತ್ತು?

ಜನವರಿಯಲ್ಲಿ ಮಗಳ ಟಿಕೆಟ್ ನೋಡಿ ಪಕ್ಕದ ಮನೆಯವರು ಬೆರಗಾದರು. "ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೋನಾ? ನಮಗೆ ಮೈಸೂರಿಂದ ಏರ್‌ಪೋರ್ಟ್ ಮುಟ್ಟೋಕೇ ನಾಲ್ಕು ಗಂಟೆ ಬೇಕು!"

ಟಿಕೆಟ್‌ನಲ್ಲಿ ಹೊರಡುವ ಹೊತ್ತು ನಮ್ಮದು, ಇಳಿಯುವ ಹೊತ್ತು ಅವರದು. ಎರಡನ್ನೂ ಸುಮ್ನೆ ಕಳೆಯಬಾರದು. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಕಂಡ ಮೂರು ಗಂಟೆಗೆ ಅದನ್ನು ಕೂಡಿಸಿ, ಹದಿನಾರೂವರೆ ಆಯಿತು. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಆಗ ಹನ್ನೆರಡೂವರೆ ಕೂಡಿಸಿದರೆ ಸಾಕು. ವಾಪಸ್ ಬರುವಾಗ ಇದನ್ನೇ ಕಳೆಯಬೇಕು. ಶನಿವಾರ ರಾತ್ರಿ ಹೊರಟವಳು ಸೋಮವಾರ ನಸುಕಿಗೆ ಇಳಿಯುತ್ತಾಳೆ. ಕಾರು ಹೇಳುವಾಗ ತಾರೀಕು ಎರಡು ಸಲ ನೋಡಿ. ನಾನೊಮ್ಮೆ ಭಾನುವಾರವೇ ಕಳಿಸಿ ಬೈಸಿಕೊಂಡಿದ್ದೇನೆ.

ದೂರ ತಿಳಿಯೋಕೆ ಗೋಡೆಯ ನಕ್ಷೆ ನಂಬಬೇಡಿ, ಗ್ಲೋಬ್ ತೆಗೆಯಿರಿ. ನಾನು ಹೂ ಕಟ್ಟುವ ದಾರ ತೆಗೆದುಕೊಂಡೆ. ಮೊದಲು ಸಮಭಾಜಕದ ಸುತ್ತ ಸುತ್ತಿ ಟೇಪಿನಲ್ಲಿ ಅಳೆದೆ, 96 ಸೆಂ.ಮೀ. ಅದು ಭೂಮಿಯ 40,000 ಕಿ.ಮೀ.ಗೆ ಸಮ. ಆಮೇಲೆ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಬಿಗಿಯಾಗಿ ಎಳೆದೆ. ಅದು ತಾನಾಗೇ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ನಿಂತಿತು! ಅಳತೆ 33.5 ಸೆಂ.ಮೀ., ಅಂದರೆ ಹೆಚ್ಚುಕಮ್ಮಿ 14,000 ಕಿ.ಮೀ. 2021ರ ಜನವರಿಯಲ್ಲಿ ಬರೀ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದದ್ದೂ ಧ್ರುವದ ಮೇಲಿಂದಲೇ.

ಇದನ್ನು ಗಂಟೆಗೆ 900 ಕಿ.ಮೀ.ನಿಂದ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಸೇರಿಸಿ. ಹದಿನಾರು ಬಂತು. ಅದರ ಮೇಲಿನದ್ದು ಗಾಳಿಯ ಕೈಲಿದೆ. ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಡಿಸಿ ಪೆಸಿಫಿಕ್ ಮೇಲೆ ಹಾರಿಸಿತು. ದಾರಿ ಸುಮಾರು 1,400 ಕಿ.ಮೀ. ಜಾಸ್ತಿ, ಹೊತ್ತು ಮಾತ್ರ ಎರಡು ಗಂಟೆ ಕಡಿಮೆ. ಬೆನ್ನಿಗೆ ಗಾಳಿ ಸಿಕ್ಕರೆ ಹಾಗೇ ಅಲ್ವಾ?

ನಡುವೆ ವಿಮಾನ ಬದಲಿಸುವುದಿದ್ದರೆ ಕಾಯುವ ಹೊತ್ತನ್ನೂ ಸೇರಿಸಿ.

ಇನ್ನು ಮನೆಯಿಂದ ಮನೆಗೆ. ಮೈಸೂರಿಂದ ದೇವನಹಳ್ಳಿಗೆ ನಾಲ್ಕು ಗಂಟೆ, ಅಲ್ಲಿ ಮೂರು ಗಂಟೆ ಮೊದಲೇ ಇರಬೇಕು, ಹಾರಾಟ ಹದಿನಾರೂವರೆ, ಆ ಕಡೆ ಕ್ಯೂ, ಸೂಟ್‌ಕೇಸು, ಟ್ಯಾಕ್ಸಿ ಅಂತ ಎರಡು. ಒಟ್ಟು ಇಪ್ಪತ್ತೈದೂವರೆ. ನಾನು ದಾರಿಗೆ ಚಪಾತಿ ಕಟ್ಟುವುದು ಈ ಲೆಕ್ಕದ ಮೇಲೆ.