ಶೆಡ್ಡಿನಲ್ಲಿ ನಿಂತ ಪದ್ಮಿನಿಯನ್ನು ಮತ್ತೆ ರಸ್ತೆಗೆ ಇಳಿಸುವುದು ಹೇಗೆ?

ಹಳೆಯ ಕಾರನ್ನು ಮನೆಯಲ್ಲೇ ಸರಿಮಾಡಲು ಹೊರಟವರು ಕೈಚೆಲ್ಲುವುದು ಎಂಜಿನ್ ಕೆಟ್ಟದ್ದರಿಂದಲ್ಲ, ಉತ್ಸಾಹ ಹೆಚ್ಚಾದದ್ದರಿಂದ. ಮೊದಲ ಭಾನುವಾರವೇ ಬಾನೆಟ್, ಬಾಗಿಲು, ಸೀಟು, ಡ್ಯಾಶ್‌ಬೋರ್ಡ್ ಎಲ್ಲವನ್ನೂ ಬಿಚ್ಚಿ ಅಂಗಳದ ತುಂಬ ಹರವುತ್ತಾರೆ. ದೀಪಾವಳಿಯ ಹೊತ್ತಿಗೆ ಯಾವ ಬೋಲ್ಟು ಎಲ್ಲಿಯದೆಂಬುದು ಮರೆತುಹೋಗಿರುತ್ತದೆ. ಯುಗಾದಿಗೆ ಗುಜರಿಯವನು ಗೇಟಿನ ಮುಂದೆ ನಿಂತು ತೂಕದ ಲೆಕ್ಕ ಹೇಳುತ್ತಿರುತ್ತಾನೆ. ಆದ್ದರಿಂದ ಇಡೀ ಕಾರನ್ನು ಒಮ್ಮೆಗೇ ಬಿಚ್ಚಬೇಡಿ. ಒಂದು ಭಾಗವನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿ. ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಬಣ್ಣದ ಯೋಚನೆ ಎಲ್ಲಕ್ಕಿಂತ ಕೊನೆಗೆ.

ಹವ್ಯಾಸಿಗೆ ಯಾವ ಕಾರು ಒಳ್ಳೆಯದೆಂದು ಕೇಳಿದರೆ ನನ್ನ ಉತ್ತರ ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಇಂದಿಗೂ ಬಹಳ ಮಂದಿ ಅದನ್ನು ‘ಫಿಯೆಟ್’ ಎಂದೇ ಕರೆಯುತ್ತಾರೆ, ಅದು ತಪ್ಪೂ ಅಲ್ಲ. ಇಟಲಿಯ ಫಿಯೆಟ್ 1100 ಕಾರನ್ನು ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಕಂಪ್ಯೂಟರಿನ ಸುಳಿವೇ ಇಲ್ಲ. ಬಾನೆಟ್ ಎತ್ತಿದರೆ ಕೈ ಹೋಗುವಷ್ಟು ಜಾಗವಿದೆ. ಮುಂಬೈಯಲ್ಲಿ 2023ರ ಅಕ್ಟೋಬರ್‌ವರೆಗೂ ಇದೇ ಕಾರು ಟ್ಯಾಕ್ಸಿಯಾಗಿ ಓಡಿದ್ದರಿಂದ ಬಿಡಿಭಾಗಗಳ ಬೇರು ಪೂರ್ತಿ ಒಣಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ, ಚೆನ್ನೈಯ ಪುದುಪೇಟೆ, ಮುಂಬೈಯ ಕುರ್ಲಾ, ಈ ನಾಲ್ಕು ಕಡೆ ಕೇಳಿಯೂ ಸಿಗದ ವಸ್ತು ಕಡಿಮೆ.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಆರ್‌ಸಿಯಲ್ಲಿರುವ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳನ್ನು ಕಾರಿನ ಮೇಲಿರುವುದರೊಂದಿಗೆ ಅಕ್ಷರಶಃ ಹೋಲಿಸಿ. ಎಷ್ಟೋ ಪದ್ಮಿನಿಗಳಿಗೆ ನಡುವೆ ಡೀಸೆಲ್ ಎಂಜಿನ್ನೋ ಗ್ಯಾಸ್ ಕಿಟ್ಟೋ ಬಂದು ಕೂತಿದೆ. ಅದು ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ತಲೆನೋವು ನಿಮ್ಮದು. ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಕಾರಿನ ನೋಂದಣಿ ದಾಖಲೆಯ ಪ್ರತಿ, ತೆಗೆಸಿದರೆ ಬ್ಯಾಂಕಿನ ಹಳೆಯ ಸಾಲ ಇನ್ನೂ ನಮೂದಾಗಿದೆಯೇ ಎಂಬುದೂ ಗೊತ್ತಾಗುತ್ತದೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಐವತ್ತು ವರ್ಷ ದಾಟಿದ್ದರೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಆದರೆ ಆ ಸಂಖ್ಯೆಯ ಕಾರನ್ನು ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಗಳಿಗಷ್ಟೇ ಹೊರತೆಗೆಯಬೇಕು, ದಿನದ ಓಡಾಟಕ್ಕಿಲ್ಲ. ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗಿಬರುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯೇ ಇರಲಿ. ಕೆಎ ಬರುವ ಮುಂಚಿನ ಎಂವೈ ಅಥವಾ ಸಿಎ ಅಕ್ಷರಗಳ ಹಳೆಯ ನಂಬರು ಉಳಿದಿದ್ದರಂತೂ ಅದನ್ನು ಕಳೆದುಕೊಳ್ಳುವ ಕೆಲಸಕ್ಕೆ ಹೋಗಬೇಡಿ.

ತುಕ್ಕು ಹುಡುಕುವ ವಿದ್ಯೆ

ಪದ್ಮಿನಿಗೆ ಪ್ರತ್ಯೇಕ ಚಾಸಿ ಚೌಕಟ್ಟಿಲ್ಲ, ದೇಹವೇ ಚೌಕಟ್ಟು. ಹಾಗಾಗಿ ಬಾಗಿಲ ಕೆಳಗೆ ಉದ್ದಕ್ಕೆ ಹಾದುಹೋಗುವ ಸಿಲ್ ಎಂಬ ಪೆಟ್ಟಿಗೆಯಂಥ ಭಾಗ ಕೊಳೆತಿದ್ದರೆ ಕಾರಿನ ಬೆನ್ನುಮೂಳೆಯೇ ಹೋದಂತೆ. ಎಂಜಿನ್ ಸತ್ತ ಕಾರನ್ನು ಧೈರ್ಯವಾಗಿ ಕೊಳ್ಳಿ. ಸಿಲ್ ಸತ್ತ ಕಾರನ್ನು ಬಿಟ್ಟಿ ಕೊಟ್ಟರೂ ಬೇಡ.

ಪರೀಕ್ಷೆಗೆ ಒಂದು ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ ಸಾಕು. ನೆಲದ ಮೇಲೆ ಮಲಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ಸಿಲ್ ಉದ್ದಕ್ಕೂ ಅಂಗುಲ ಅಂಗುಲವಾಗಿ ಬಡಿಯುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಕೊಳೆತ ಜಾಗಕ್ಕೆ ಬಂದಾಗ ಸದ್ದು ದಪ್ಪಗಾಗಿ, ದಬ್ ಎಂದು ಅಲ್ಲೇ ಸಾಯುತ್ತದೆ. ಕೆಲವೊಮ್ಮೆ ಒಳಗಿನಿಂದ ಕಂದು ಪುಡಿ ಸುರಿದು ಕಣ್ಣಿಗೇ ಬೀಳುತ್ತದೆ, ಕನ್ನಡಕ ಹಾಕಿಕೊಂಡಿರಿ. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಣ್ಣದ ಮೇಲೆ ಜಾರಿಸಿ. ಎಲ್ಲಿ ಹಿಡಿತ ಬಿಡುತ್ತದೆಯೋ ಅಲ್ಲಿ ತಗಡಿಲ್ಲ, ಗುಳಿ ಮುಚ್ಚಲು ಮೆತ್ತುವ ಪುಟ್ಟಿ ಇದೆ. ಜ್ಯಾಕ್ ಕೊಡುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಳಿ, ಕಾಲ್ಚಾಪೆಯಡಿಯ ನೆಲ, ಹಿಂದಿನ ಪಟ್ಟಾ ಸ್ಪ್ರಿಂಗ್ ಹಿಡಿದಿರುವ ಮೂಲೆ ಇವಿಷ್ಟನ್ನು ಬಿಡದೆ ನೋಡಿ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಬೆಳೆದ ಕಾರಿಗಿಂತ ಬಳ್ಳಾರಿ, ಕಲಬುರಗಿಯ ಒಣಹವೆಯಲ್ಲಿ ನಿಂತದ್ದು ನೋಡಲು ಎಷ್ಟೇ ಬಣ್ಣಗೆಟ್ಟಿದ್ದರೂ ಮೇಲು.

ಕೊಳೆತ ತಗಡನ್ನು ಕತ್ತರಿಸಿ ತೆಗೆದು ಹೊಸ ತುಂಡು ಬೆಸೆಯುವುದೊಂದೇ ದಾರಿ. ರಂಧ್ರದ ಮೇಲೆ ಫೈಬರ್ ಅಂಟಿಸಿ ಪುಟ್ಟಿ ಮೆತ್ತುವುದು ದುರಸ್ತಿಯಲ್ಲ, ಕೊಳ್ಳುವವನಿಗೆ ಮಾಡುವ ಮೋಸ. ಗೇಟು, ಕಿಟಕಿ ಮಾಡುವ ಆರ್ಕ್ ವೆಲ್ಡಿಂಗ್ ಈ ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. ತೆಳು ತಂತಿಯಿಂದ ಬೆಸೆಯುವ ಮಿಗ್ ವೆಲ್ಡಿಂಗ್ ಗೊತ್ತಿರುವ ಟಿಂಕರ್ (ತಗಡು ಕೆಲಸದವರು) ಒಬ್ಬರನ್ನು ಮನೆಗೆ ಕರೆಸಿ. ಒಂದೇ ಕಡೆ ಗೆರೆ ಎಳೆದಂತೆ ಬೆಸೆಯದೆ ಅಲ್ಲೊಂದು ಇಲ್ಲೊಂದು ಚುಕ್ಕಿ ಇಡುತ್ತ ತಣಿಯಲು ಬಿಟ್ಟರೆ ತಗಡು ಸೊಟ್ಟಗಾಗುವುದಿಲ್ಲ. ಬ್ಯಾಟರಿ, ಪೆಟ್ರೋಲ್ ಟ್ಯಾಂಕು ಎರಡನ್ನೂ ಮೊದಲೇ ಹೊರಗಿಡಿ. ಟ್ಯಾಂಕ್ ಸೋರುತ್ತಿದ್ದರೆ ಮನೆಯಲ್ಲಿ ಬೆಂಕಿ ತಾಗಿಸುವ ಮಾತೇ ಇಲ್ಲ. ಖಾಲಿ ಟ್ಯಾಂಕಿನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ನಿಲ್ಲುವುದು ಮೊದಲು, ಓಡುವುದು ಆಮೇಲೆ

ಎಲ್ಲರಿಗೂ ಎಂಜಿನ್ ಗುಡುಗುವುದನ್ನು ಕೇಳುವ ಆತುರ. ನಾನು ಹೇಳುವುದು ಬ್ರೇಕಿನಿಂದ ಶುರುಮಾಡಿ ಎಂದು. ಕಾರನ್ನು ಎತ್ತಿದ ಮೇಲೆ ಅಡಿಗೆ ಆಕ್ಸಲ್ ಸ್ಟ್ಯಾಂಡ್ ಎಂಬ ಕಬ್ಬಿಣದ ಆಸರೆ ಕೊಡಿ. ಇಟ್ಟಿಗೆ ಪೇರಿಸಿ ಅಡಿಗೆ ತೂರುವುದು ಪ್ರಾಣಕ್ಕೆ ಸಂಚಕಾರ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಬ್ರೇಕನ್ನು ಒತ್ತುವ ಚಕ್ರದ ಸಿಲಿಂಡರ್‌ಗಳು ಹಿಡಿದುಕೊಂಡಿರುತ್ತವೆ, ರಬ್ಬರ್ ಹೋಸ್ ಒಳಗೊಳಗೇ ಉಬ್ಬಿರುತ್ತದೆ. ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಸರ್ಕ್ಯೂಟ್ ಇರುವುದರಿಂದ ಒಂದು ಹೋಸ್ ಒಡೆದರೆ ಪೆಡಲ್ ಪೂರ್ತಿ ಕೈಕೊಡುತ್ತದೆ. ಆದ್ದರಿಂದ ಸಿಲಿಂಡರಿನ ಕಿಟ್, ಹೋಸ್, ತುಕ್ಕು ಹಿಡಿದ ಪೈಪು ಎಲ್ಲವೂ ಹೊಸದಾಗಲಿ. ಡ್ರಮ್ಮಿಗೆ ಉಜ್ಜುವ ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಡ್ರಮ್ ತೆಗೆದಾಗ ಕಾಣುವ ದೂಳನ್ನು ಬಾಯಿಂದಲೋ ಕಂಪ್ರೆಸರಿನಿಂದಲೋ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೇ ಕಟ್ಟಿ ಎಸೆಯಿರಿ.

ಬ್ರೇಕ್ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವಾಗ, ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಹೊರಡಬೇಕು, ಅಂದರೆ ಹಿಂದಿನ ಎಡಚಕ್ರ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ (ಗಾಳಿ ಬಿಡುವ ತಿರುಪು) ಸಡಿಲಿಸಲಿ. ಪೆಡಲ್ ಬಿಡುವ ಮುನ್ನ ನಿಪ್ಪಲ್ ಬಿಗಿಯಾಗಬೇಕು, ಈ ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ. ಬ್ರೇಕ್ ಆಯಿಲ್ ಬಣ್ಣವನ್ನು ತಿಂದುಹಾಕುತ್ತದೆ. ಬಣ್ಣವನ್ನು ಕೊನೆಗೆ ತಳ್ಳಿದ್ದಕ್ಕೆ ಅದೂ ಒಂದು ಕಾರಣ.

ಎಂಜಿನ್

ನಿಂತ ಎಂಜಿನ್ನಿಗೆ ಕೂಡಲೇ ಬ್ಯಾಟರಿ ಕೊಡಬೇಡಿ, ಕಾರನ್ನು ಹಗ್ಗ ಕಟ್ಟಿ ಎಳೆಸಲೂಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಡೀಸೆಲ್ ಬೆರೆಸಿದ ಎಂಜಿನ್ ಆಯಿಲನ್ನು ಎರಡು ಮೂರು ಚಮಚದಷ್ಟು ಸುರಿದು ಕೆಲವು ದಿನ ಬಿಡಿ. ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಗೆದ್ದಂತೆ. ಹಟ ಹಿಡಿದರೆ ಇನ್ನೊಂದು ವಾರ ನೆನೆಯಲಿ. ಬಲ ಹಾಕಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ.

ತಿರುಗಲು ಶುರುವಾದ ಮೇಲೆ ಹಳೆಯ ಆಯಿಲ್ ತೆಗೆದು ಹೊಸದು ತುಂಬಿ, ಪ್ಲಗ್ ಹಾಕದೆಯೇ ಸ್ಟಾರ್ಟರ್ ಒತ್ತಿ. ಆಯಿಲ್ ಒತ್ತಡದ ಕೆಂಪು ದೀಪ ಆರುವವರೆಗೂ ಸಣ್ಣ ಸಣ್ಣ ಅವಧಿಯಲ್ಲಿ ತಿರುಗಿಸಿ. ಕಂಪ್ರೆಷನ್ ಗೇಜಿನಲ್ಲಿ ನಾಲ್ಕೂ ಸಿಲಿಂಡರಿನ ಒತ್ತಡದ ಅಳತೆ ತೆಗೆದು ಬರೆದಿಡಿ. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಸಿಲಿಂಡರನ್ನು ಕೊರೆಸಿ ಸರಿಮಾಡಿಸುವ ಬೋರಿಂಗಿಗೆ ಕೊಡುವ ಅವಸರ ಬೇಡ, ‘ಎಂಜಿನ್ ಇಳಿಸಲೇಬೇಕು ಸಾರ್’ ಎನ್ನುವವರ ಮಾತು ಕೇಳಬೇಡಿ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಅಲ್ಯೂಮಿನಿಯಂನದು, ಎಂಜಿನ್ ಹಿಂದೆ ಎಂದಾದರೂ ಕುದಿದಿದ್ದರೆ ಬಾಗಿರಬಹುದು. ಹೆಡ್ಡಿನಡಿಯ ಗ್ಯಾಸ್ಕೆಟ್ ಸೋರುತ್ತಿದ್ದರೆ ಹೆಡ್ಡನ್ನು ವರ್ಕ್‌ಶಾಪಿಗೆ ಒಯ್ದು ಸಮತಟ್ಟು ನೋಡಿಸಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವ ಅಭ್ಯಾಸ ಇವತ್ತಿಗೇ ನಿಲ್ಲಲಿ.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಜೆಟ್‌ಗಳು ಹಿತ್ತಾಳೆಯವು; ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಕಾರು ಪೆಟ್ರೋಲ್ ಕುಡಿಯತೊಡಗುತ್ತದೆ. ಕ್ಲೀನರ್ ಸಿಂಪಡಿಸಿ ಗಾಳಿ ಊದಿದರೆ ಸಾಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಈ ಕಾರನ್ನು ರೂಪಿಸಿದ ಕಾಲಕ್ಕೆ ಅದು ಯಾರ ಕನಸಿನಲ್ಲೂ ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ನೀರನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಾಮ್ ಎರಡನ್ನೂ ಎಥನಾಲ್ ತಾಳುವ ಬಗೆಯದಕ್ಕೆ ಬದಲಿಸಿ. ಸಿಲಿಂಡರುಗಳಲ್ಲಿ ಕಿಡಿ ಹಾರುವ ಕ್ರಮ 1-3-4-2. ಪ್ಲಗ್ ತಂತಿ ಕೀಳುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ.

ಗೇರ್ ಬೀಳುತ್ತಿಲ್ಲವೆಂದು ಗೇರ್‌ಬಾಕ್ಸ್ ಇಳಿಸುವವರು ಒಮ್ಮೆ ಸ್ಟೀರಿಂಗ್ ಪಕ್ಕದ ಲಿವರಿನಿಂದ ಕೆಳಗೆ ಇಳಿಯುವ ಸರಳುಗಳ ಬುಷ್ ನೋಡಲಿ. ಹೆಚ್ಚಿನ ಸಲ ಸವೆದಿರುವುದು ಅವೇ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಇಲಿ ಕಡಿದ ತಂತಿಗೆ ಟೇಪ್ ಸುತ್ತಬೇಡಿ, ಪೂರ್ತಿ ಹೊಸ ಹಾರ್ನೆಸ್ (ತಂತಿಗಳ ಕಟ್ಟು) ಹಾಕಿಸಿ, ಬ್ಯಾಟರಿಗೊಂದು ಕಟ್‌ಆಫ್ ಸ್ವಿಚ್ ಇರಲಿ.

ಕೊನೆಗೆ ಬಣ್ಣ

ಕಾರು ಓಡಿ, ನಿಂತು, ಒಂದು ಮಳೆಗಾಲ ಕಳೆದ ಮೇಲೆ ಬಣ್ಣಕ್ಕೆ ಬನ್ನಿ. ಮಲೆನಾಡು, ಕರಾವಳಿಯಲ್ಲಿ ತೇವದ ದಿನ ಡ್ಯೂಕೊ ಬಣ್ಣ ಹೊಡೆದರೆ ಮೇಲೆ ಬಿಳಿ ಮಬ್ಬು ಕೂರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಉಜ್ಜುವುದು, ಪ್ರೈಮರ್ ಹಚ್ಚುವುದು ಮನೆಯಲ್ಲೇ ಆಗಲಿ, ಉಳಿತಾಯವೂ ಇರುವುದು ಅಲ್ಲೇ. ಆದರೆ ಗಟ್ಟಿಕಾರಕ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣದ ಮಂಜಿನಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಐಸೊಸೈನೇಟ್ ಇರುತ್ತದೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಮಾಡುವ ಕೆಲಸ ಅದಲ್ಲ, ಬೂತ್ ಇರುವ ಪೇಂಟರಿಗೆ ಬಿಡಿ. ಆರ್‌ಸಿಯಲ್ಲಿರುವ ಬಣ್ಣವನ್ನೇ ಉಳಿಸಿಕೊಂಡರೆ ಕಾರಿಗೂ ಒಪ್ಪುತ್ತದೆ, ಆರ್‌ಟಿಒ ಅಲೆದಾಟವೂ ತಪ್ಪುತ್ತದೆ. ಬದಲಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು.

ನವೀಕರಣದ ತಪಾಸಣೆಗೆ ಒಯ್ಯುವ ಮುನ್ನ ನೂರು ಕಿಲೋಮೀಟರಿನಷ್ಟು ಊರ ಸುತ್ತಲೇ ಓಡಿಸಿ, ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಮುಂದಿನ ಚಕ್ರಗಳು ತಿರುಗುವ ಕಿಂಗ್‌ಪಿನ್‌ಗಳಿಗೆ ಗ್ರೀಸ್ ತುಂಬಿ. ಟೈರಿನ ಗೆರೆ ಎಷ್ಟೇ ಆಳವಾಗಿರಲಿ, ಪಕ್ಕದಲ್ಲಿ ಬಿರುಕು ಕಂಡರೆ ಐದನ್ನೂ ಬದಲಿಸಿ, ಸ್ಟೆಪ್ನಿಯೂ ಸೇರಿ.