ಗುಜರಿಯಿಂದ ಬಂದ ಡಿಂಗ, ಸೊಂಟ ಕಳಚಿದ ಜಿ.ಐ. ಜೋ

ತುಮಕೂರಿನಲ್ಲಿ ಹಳೇ ಮಕ್ಕಳ ಪುಸ್ತಕ, ಕಾಮಿಕ್ಸ್ ಬೇಕು ಅಂದರೆ ಗುಜರಿ ಅಂಗಡಿಗೆ ಹೋಗಬೇಕು. ಅದೂ ಏಪ್ರಿಲ್, ಮೇ ತಿಂಗಳಲ್ಲಿ. ಪರೀಕ್ಷೆ ಮುಗಿದು ನೋಟ್‌ಬುಕ್ಕೆಲ್ಲ ತೂಕಕ್ಕೆ ಬೀಳುವ ಕಾಲ ಅದು. ಆ ರಾಶಿಯ ಜೊತೆ ಅಟ್ಟದ ಮೇಲಿನ ಹಳೇ ಕಂತೆಗಳೂ ಇಳಿದು ಬರುತ್ತವೆ. ನನ್ನ ಹತ್ತಿರ ಇರುವ ಬಾಲಮಂಗಳ ಎಂಬ ಮಕ್ಕಳ ಪತ್ರಿಕೆಗಳಲ್ಲಿ ಮುಕ್ಕಾಲು ಪಾಲು ಹೀಗೇ ಸಿಕ್ಕಿದ್ದು. ಗುಬ್ಬಿ ಗೇಟ್ ಕಡೆಯ ಒಬ್ಬ ಗುಜರಿಯವರಿಗೆ ಈಗ ನನ್ನ ಹುಚ್ಚು ಚೆನ್ನಾಗಿ ಗೊತ್ತು. "ಅಣ್ಣ, ನಿಮ್ಮ ಇಲಿ ಪುಸ್ತಕ ಬಂದೈತೆ, ಬೇಗ ಬನ್ನಿ" ಅಂತ ಫೋನ್ ಮಾಡುತ್ತಾರೆ.

ಇಲಿ ಅಂದರೆ ಬಾಲಮಂಗಳದ ಡಿಂಗ. ಬೇರೆ ಗ್ರಹದವರು ಹೊತ್ತುಕೊಂಡು ಹೋಗಿ, ಅವನ ಮೇಲೆ ಏನೇನೋ ಪ್ರಯೋಗ ಮಾಡಿ, ಅದರಿಂದ ಶಕ್ತಿ ಬಂದ ಇಲಿ. ಹುಟ್ಟಿದ್ದು ಮಲಯಾಳದಲ್ಲಿ, ಡಿಂಕನ್ ಎಂಬ ಹೆಸರಲ್ಲಿ. ಕನ್ನಡಕ್ಕೆ ಬಂದ ಮೇಲೆ ಅವನು ಪೂರ್ತಿ ನಮ್ಮವನೇ. ಆದರೆ ಡಿಂಗನ ಗೊಂಬೆ ಮಾತ್ರ ನಮ್ಮೂರಿನ ಯಾವ ಅಂಗಡಿಯಲ್ಲೂ ನಾನು ನೋಡಲಿಲ್ಲ. ಬೇಕಾದವರು ಜೇಡಿಮಣ್ಣಿನಲ್ಲಿ ಮಾಡಿಕೊಳ್ಳಬೇಕಿತ್ತು. ಬಾಲ ನಿಲ್ಲುತ್ತಿರಲಿಲ್ಲ, ತೆಂಗಿನ ಗರಿಯ ಕಡ್ಡಿ ಸಿಕ್ಕಿಸುತ್ತಿದ್ದೆವು.

ಅಮೆರಿಕದಲ್ಲಿ ನಡೆದದ್ದು ಇದಕ್ಕೆ ಪೂರ್ತಿ ಉಲ್ಟಾ. ಮ್ಯಾಟೆಲ್ ಕಂಪನಿ ಹೀ-ಮ್ಯಾನ್ ಗೊಂಬೆಗಳನ್ನು 1982ರಲ್ಲೇ ಅಂಗಡಿಗೆ ಇಳಿಸಿತು. ಕಾರ್ಟೂನ್ ಬಂದದ್ದು 1983ರಲ್ಲಿ. ಟ್ರಾನ್ಸ್‌ಫಾರ್ಮರ್ಸ್ ಕಥೆ ಇನ್ನೂ ಮಜಾ. ಜಪಾನಿನ ಟಕಾರ ಕಂಪನಿ ಮಾಡಿ ಮಾರುತ್ತಿದ್ದ ರೋಬೋಗಳನ್ನೇ ಹ್ಯಾಸ್ಬ್ರೊ ತೆಗೆದುಕೊಂಡಿತು. ಮಾರ್ವೆಲ್ ಕಾಮಿಕ್ಸ್‌ನವರ ಕೈಯಲ್ಲಿ ಹೆಸರು, ಗುಣ, ಜಗಳ ಎಲ್ಲ ಬರೆಸಿ 1984ರಲ್ಲಿ ಮಾರಾಟಕ್ಕೆ ಬಿಟ್ಟಿತು. ಆಟಿಕೆ ಮೊದಲು, ಕಥೆ ಆಮೇಲೆ. ಅಂದರೆ ನಾವು ಕಣ್ಣು ಮಿಟುಕಿಸದೆ ನೋಡಿದ್ದು ಅರ್ಧ ಗಂಟೆಯ ಜಾಹೀರಾತು! ಇದು ಗೊತ್ತಾದಾಗ ನನಗೆ ಬೇಜಾರೇನೂ ಆಗಲಿಲ್ಲ, ನಗು ಬಂತು. ಯಾಕಂದರೆ ತುಮಕೂರಿಗೆ ಜಾಹೀರಾತು ಬಂತು, ಮಾಲು ಬರಲಿಲ್ಲ. ಯಾರಾದರೂ ಬೆಂಗಳೂರಿನ ನೆಂಟರು ತಂದರೆ ಉಂಟು. ಇಲ್ಲದಿದ್ದರೆ ಸಿದ್ಧಗಂಗೆ ಜಾತ್ರೆಯಲ್ಲಿ ಸಿಗುವ ಹೆಸರಿಲ್ಲದ ಪ್ಲಾಸ್ಟಿಕ್ ವೀರರೇ ಗತಿ. ತಲೆ ಒಬ್ಬನದು, ಮೈ ಇನ್ನೊಬ್ಬನದು.

ಭಾಷೆಯೂ ಹಾಗೇ. ದೂರದರ್ಶನದ ಕಾರ್ಟೂನುಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತಿದ್ದವು. ಮಕ್ಕಳಿಗಾಗಿ ಕನ್ನಡದ ಚಾನೆಲ್ ಅಂತ ಚಿಂಟು ಟಿವಿ ಬಂದದ್ದು 2009ರಲ್ಲಿ. ಅಷ್ಟರಲ್ಲಿ ನಮಗೆ ಮೀಸೆ ಬಂದಿತ್ತು. ಹಾಗಾಗಿ ಕಥೆ ಬೇಕು ಅಂದರೆ ಕಾಗದವೇ. ಬಾಲಮಂಗಳ, ಚಂದಮಾಮ, ಸುಧಾದಲ್ಲಿ ಬರುತ್ತಿದ್ದ ಫ್ಯಾಂಟಮ್. ಆಟಿಕೆ ಒಂದು ಕಡೆ, ಕಥೆ ಇನ್ನೊಂದು ಕಡೆ. ಎರಡನ್ನೂ ನಾವೇ ಕೂಡಿಸಿಕೊಂಡೆವು. ನಮ್ಮ ಮನೆ ಜಗಲಿಯಲ್ಲಿ ಜಿ.ಐ. ಜೋ ಎಂಬ ಅಮೆರಿಕದ ಸಿಪಾಯಿ ಗೊಂಬೆ ಬೇತಾಳನನ್ನು ಹೊತ್ತುಕೊಂಡು ಹೋಗಿದ್ದಾನೆ. ಆ ಕಥೆ ಯಾವ ಕಂಪನಿಯೂ ಬರೆಸಿದ್ದಲ್ಲ.

ಇನ್ನು ರಿಪೇರಿಗೆ ಬರೋಣ. ತುಂಬ ಜನ ಕೇಳುವುದು ಇದನ್ನೇ.

ಫನ್‌ಸ್ಕೂಲ್ ಕಂಪನಿ ನಮ್ಮ ದೇಶದಲ್ಲಿ ಮಾರಿದ ಜಿ.ಐ. ಜೋ ಗೊಂಬೆಗಳಿಗೆ ಹೊರದೇಶದಲ್ಲೂ ಗಿರಾಕಿಗಳಿದ್ದಾರೆ. ಅಮೆರಿಕದ ಅಚ್ಚೇ, ಆದರೆ ಬಣ್ಣ ಎಷ್ಟೋ ಸಲ ಬೇರೆ. ಸಿಗುವಾಗ ಬಹುತೇಕ ಎರಡು ತುಂಡಾಗಿಯೇ ಸಿಗುತ್ತವೆ. ಜನ ಮುರಿದಿದೆ ಅಂದುಕೊಂಡು ಎಸೆಯುತ್ತಾರೆ. ಮುರಿದಿರುವುದಿಲ್ಲ. ಮೈಯೊಳಗೆ ಒಂದು ಕಪ್ಪು ರಬ್ಬರ್ ಬಳೆ ಇರುತ್ತದೆ. ಎದೆ, ಸೊಂಟ, ಕಾಲು ಮೂರನ್ನೂ ಹಿಡಿದಿರುವುದು ಅದೊಂದೇ. ವರ್ಷ ಕಳೆದಂತೆ ರಬ್ಬರ್ ಒಣಗಿ ತುಂಡಾಗುತ್ತದೆ, ಅಷ್ಟೇ.

ಬೆನ್ನಲ್ಲಿ ಒಂದೇ ಸ್ಕ್ರೂ. ಅದನ್ನು ಮನೆಯ ದೊಡ್ಡ ಸ್ಕ್ರೂಡ್ರೈವರ್‌ನಿಂದ ತಿರುಗಿಸಿದರೆ ತಲೆ ಸವೆದುಹೋಗುತ್ತದೆ. ವಾಚ್ ರಿಪೇರಿಯವರ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಎಚ್.ಎಂ.ಟಿ. ಕಾರ್ಖಾನೆ ಇದ್ದ ಊರು ನಮ್ಮದು. ಇಂಥ ಸಾಮಾನು ಹುಡುಕುವುದು ಕಷ್ಟ ಆಗಲಿಲ್ಲ. ಬಿಚ್ಚಿದ ಮೇಲೆ ಹಳೇ ರಬ್ಬರ್ ಚೂರು ತೆಗೆದು, ಮೋಟಾರ್ ಪಂಪಿನ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಓ-ರಿಂಗ್, ಅಂದರೆ ಅಂಥದೇ ರಬ್ಬರ್ ಬಳೆ, ಹಾಕುತ್ತೇನೆ. ಗೊಂಬೆಯನ್ನು ಜೇಬಲ್ಲಿಟ್ಟುಕೊಂಡು ಹೋಗಿ ಅಳತೆ ನೋಡುವುದೇ ವಾಸಿ. ಅಂಗಡಿಯವರು "ಏನ್ ಸಾರ್, ಯಾವ ಪಂಪು?" ಅಂತ ಕೇಳುತ್ತಾರೆ. ಗೊಂಬೆ ತೋರಿಸಿದರೆ ಪಕ್ಕದವರನ್ನೂ ಕರೆಯುತ್ತಾರೆ. ರಿಂಗ್ ದಪ್ಪ ಆದರೆ ಕಾಲು ಮಡಚುವುದಿಲ್ಲ, ತೆಳು ಆದರೆ ಸೊಂಟ ಜೋಲುತ್ತದೆ. ಕಾಲುಗಳ ನಡುವಿನ ಕೊಕ್ಕೆಗೆ ರಿಂಗ್ ಸಿಕ್ಕಿಸಿ, ಸೊಂಟದ ತುಂಡಿನೊಳಗಿಂದ ಮೇಲಕ್ಕೆ ಎಳೆದು, ಎದೆಯೊಳಗಿನ ಕಂಬಕ್ಕೆ ಹಾಕಿ, ಕೈ, ತಲೆ ಕೂರಿಸಿ ಮುಚ್ಚಬೇಕು. ಸ್ಕ್ರೂ ಜಾಸ್ತಿ ಬಿಗಿ ಮಾಡಬೇಡಿ. ಹಳೇ ಪ್ಲಾಸ್ಟಿಕ್ ಸೀಳುತ್ತದೆ.

ಇನ್ನೊಂದು ಮಾತು. ಕೈಯಲ್ಲಿ ಬಂದೂಕು ಇದ್ದರೆ ಎಳೆದು ತೆಗೆಯಲೇಬೇಡಿ. ಮೊದಲು ಹೋಗುವುದೇ ಹೆಬ್ಬೆರಳು.

ಕಾಗದದ ಕೆಲಸಕ್ಕೆ ತಾಳ್ಮೆ ಬೇಕು. ಹಳೇ ನ್ಯೂಸ್‌ಪ್ರಿಂಟ್ ತನ್ನೊಳಗಿನ ಆಮ್ಲದಿಂದ ತಾನೇ ಹಳದಿಯಾಗಿ ಪುಡಿಯಾಗುತ್ತದೆ. ಅದನ್ನು ನಿಲ್ಲಿಸಲು ಮನೆಯಲ್ಲಿ ಆಗುವುದಿಲ್ಲ, ನಿಧಾನ ಮಾಡಬಹುದು. ಬಿಸಿಲು, ತೇವ ಎರಡೂ ತಾಗಬಾರದು. ನಾನು ಮೊದಲು ಮಾಡುವುದು ಸ್ಟೇಪಲ್ ಪಿನ್ ತೆಗೆಯುವ ಕೆಲಸ. ತುಕ್ಕು ಅಲ್ಲಿಂದಲೇ ಹರಡುತ್ತದೆ. ಆ ತೂತುಗಳಲ್ಲೇ ಹತ್ತಿ ದಾರ ಹಾಕಿ ಹೊಲಿಯುತ್ತೇನೆ. ಹರಿದ ಕಡೆ ತೆಳ್ಳಗಿನ ಟಿಶ್ಯೂ ಕಾಗದ, ಮೈದಾ ಅಂಟು. ನಮ್ಮ ಹಳೇ ಬೈಂಡಿಂಗ್‌ನವರು ಹುಳ ಬೀಳದಿರಲಿ ಅಂತ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಹುಷಾರು. ಸೆಲ್ಲೋಟೇಪ್ ಬೇಡವೇ ಬೇಡ. ಕೆಲವು ವರ್ಷಕ್ಕೆ ಟೇಪ್ ಉದುರುತ್ತದೆ, ಕಂದು ಕಲೆ ಉಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿ ತಂದು ಹೆಮ್ಮೆಯಿಂದ ತೋರಿಸುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಹೆಸರು ಗೀಚಿದ್ದರೆ ಅಳಿಸುವುದಿಲ್ಲ. "ಕದ್ದವರ ಕೈ ಸೇದಿ ಹೋಗಲಿ" ಅಂತ ಬರೆದ ಒಂದು ಚಂದಮಾಮ ನನ್ನ ಹತ್ತಿರ ಇದೆ. ಕಲಾವಿದ ಶಂಕರ್ ಬರೆದ, ವಿಕ್ರಮ ಹೆಣ ಹೊತ್ತಿರುವ ಚಿತ್ರಕ್ಕೆ ಯಾರೋ ಕನ್ನಡಕ ಬೇರೆ ಹಾಕಿದ್ದಾರೆ. ವ್ಯಾಪಾರದ ಲೆಕ್ಕದಲ್ಲಿ ಬೆಲೆ ಕಮ್ಮಿ. ಸುಮ್ನೆ ಇಟ್ಟುಕೊಂಡಿದ್ದೇನೆ, ಮಾರುವ ಯೋಚನೆಯೇ ಇಲ್ಲ. ಡಬ್ಬ ಒಡೆಯದೆ ಗಾಜಿನ ಬೀರುವಿನಲ್ಲಿ ಇಡುವವರ ಜೊತೆ ನನ್ನ ಜಗಳವೂ ಇದೇ. ಆಟಿಕೆ ಆಡಲಿಕ್ಕೆ ಅಲ್ವಾ? ನನ್ನ ಅಕ್ಕನ ಮಗ ಬಂದರೆ ಓ-ರಿಂಗ್ ಹಾಕಿದ ಸಿಪಾಯಿಗಳನ್ನು ಕೈಗೇ ಕೊಡುತ್ತೇನೆ. ಅವನು ಬೇಬ್ಲೇಡ್ ತಂದು ಅವರ ಮೇಲೆ ಬಿಡುತ್ತಾನೆ. ಅದೂ ಜಪಾನಿನ ಹಳೇ ಬುಗುರಿ ಆಟದಿಂದ ಹುಟ್ಟಿದ್ದು, ಟಕಾರದವರದ್ದೇ. "ಮಾಮ, ಇವನಿಗೆ ಯಾವ ಪವರ್?" ಅಂತ ಕೇಳುತ್ತಾನೆ. ನೀನೇ ಹೇಳಪ್ಪ ಅನ್ನುತ್ತೇನೆ.

ಈಗ ಹುಡುಕುತ್ತಿರುವುದು ಇನ್ನೂ ಹಳೆಯ ಮಾಲು. ಅಮರ ಚಿತ್ರ ಕಥೆಯ ಇಂಗ್ಲಿಷ್ ಸರಣಿ 11ನೇ ನಂಬರಿನ ಕೃಷ್ಣನಿಂದ ಶುರುವಾಗುತ್ತದೆ. ಮೊದಲ ಹತ್ತು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ. ಸಿಂಡ್ರೆಲಾ ಥರದ ಹೊರದೇಶದ ಕಥೆಗಳು. ಅವೆನ್ಯೂ ರಸ್ತೆಯಲ್ಲಿ, ಭಾನುವಾರದ ಸಂಡೇ ಬಜಾರಿನಲ್ಲಿ ವಿಚಾರಿಸಿದ್ದೇನೆ, ಒಂದೂ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಅಜ್ಜಿ ಮನೆ ಅಟ್ಟದಲ್ಲಿ ಇದ್ದರೆ ತೂಕಕ್ಕೆ ಹಾಕಬೇಡಿ. ಕೊಡದಿದ್ದರೂ ಪರವಾಗಿಲ್ಲ, ಪಿನ್ ತೆಗೆದು ಹೊಲಿದು ಕೊಡುತ್ತೇನೆ.